ದಶಮಿಯ ಇಳಿತದಲ್ಲಿ ಶಾರ್ಜಾ ಸಂಸಾರ

ಗಲ್ಫಿನಿಂದ ರಜೆಯಲ್ಲಿ ಊರಿಗೆ ಬರುವ ಗಂಡಸಿನ ರಜೆ ಅವನದಲ್ಲ. ಅವನು ವಿಮಾನ ಹತ್ತುವ ಮೊದಲೇ ತಾಯಿ ಮನೆಯವರು, ಮಾವನ ಮನೆಯವರು, ಗೆಳೆಯರು ಅದನ್ನು ಮೂರು ಪಾಲು ಮಾಡಿಕೊಂಡಿರುತ್ತಾರೆ. ಟಿಕೆಟ್ಟಿಗೆ ದುಡ್ಡು ಕೊಟ್ಟವನೆಂಬ ಮರ್ಯಾದೆಗೆ ಅವನಿಗೆ ಪೆಟ್ಟಿಗೆ ಹೊರುವ ಹಕ್ಕೊಂದು ಸಿಗುತ್ತದೆ.

ನನ್ನದು ಇನ್ನೂ ತೊಡಕಿನ ಕೇಸು. ನಮ್ಮ ಮನೆ ಬೈಂದೂರು ಕಡೆ, ಹೆಂಡತಿಯ ತವರು ಬ್ರಹ್ಮಾವರ. 2018ರಲ್ಲಿ ಸರಕಾರ ಎರಡನ್ನೂ ಪ್ರತ್ಯೇಕ ತಾಲೂಕು ಮಾಡಿದ ಮೇಲೆ ನಮ್ಮ ಮನೆಯ ಸಣ್ಣಪುಟ್ಟ ಜಗಳಕ್ಕೂ ತಾಲೂಕು ಮಟ್ಟದ ಘನತೆ ಬಂದಿದೆ. ಬಂಗುಡೆಗೆ ಜುಮ್ಮನಕಾಯಿ ಹಾಕಬೇಕೋ ಬೇಡವೋ, ರಜೆಯ ಮೊದಲ ವಾರ ಯಾರ ಮನೆಯಲ್ಲಿ, ಮಕ್ಕಳು ಅಜ್ಜನ ಮನೆ ಎಂದರೆ ಯಾವ ಅಜ್ಜ ಎಂದು ತಿಳಿಯಬೇಕು, ಇವೆಲ್ಲ ಶಾರ್ಜಾದ ಫ್ಲಾಟಿನಲ್ಲಿ ವರ್ಷವಿಡೀ ಚರ್ಚೆಯಾಗಿ ಮುಂದಿನ ಅಧಿವೇಶನಕ್ಕೆ ಹೋಗುತ್ತವೆ. ಎರಡರ ನಡುವೆ ಕುಂದಾಪುರ ಇದೆಯೆಂದೇ ನಮ್ಮ ಸಂಸಾರ ನಡೆದಿದೆ. ಗೆಳೆಯರು ಅಲ್ಲಿದ್ದಾರೆ. ಇಬ್ಬರ ತವರಿನವರೂ ಇಲ್ಲದ ಊರಿನಲ್ಲಿ ಒಂದು ದಿನವಾದರೂ ಕಳೆಯಬೇಕು ಎಂಬ ವಿಷಯದಲ್ಲಿ ಮಾತ್ರ ನಮ್ಮಿಬ್ಬರದು ಒಂದೇ ಅಭಿಪ್ರಾಯ.

ಈ ಡಿಸೆಂಬರಿನ ಶಾಲೆಯ ರಜೆಯಲ್ಲಿ ಆ ದಿನದ ಉಸ್ತುವಾರಿಯನ್ನು ಮಾಸ್ಟ್ರು ವಹಿಸಿಕೊಂಡರು. ಮಾಸ್ಟ್ರು ನನ್ನ ಬಾಲ್ಯದ ಗೆಳೆಯ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಒಂದೇ ಬೆಂಚಿನಲ್ಲಿ ಕೂತು ನನ್ನ ಉತ್ತರಪತ್ರಿಕೆ ನೋಡಿ ಬರೆಯುತ್ತಿದ್ದವನನ್ನು ಈಗ ಬಹುವಚನದಲ್ಲಿ ಕರೆಯಬೇಕಾಗಿ ಬಂದಿರುವುದು ಕಾಲದ ಮಹಿಮೆ. ಅವರು ವಾಟ್ಸಾಪಿನಲ್ಲಿ ಕಳಿಸಿದ ಕಾರ್ಯಕ್ರಮ ಪ್ರಶ್ನೆಪತ್ರಿಕೆಯ ಹಾಗಿತ್ತು. ಪ್ರತಿ ಸಾಲಿನ ಎದುರು ಸಮಯ, ಉಪಪ್ರಶ್ನೆಗಳು, ಕೊನೆಯಲ್ಲಿ ಸೂಚನೆ. ಬೆಳಗ್ಗೆ 7.30ಕ್ಕೆ ಕುಂದಾಪುರದ ಹೊಳೆಬದಿಯಲ್ಲಿ ದೋಣಿ. ಕಾಂಡ್ಲಾ ಕಾಡಿನ ಸಂದಿಯಲ್ಲಿ ನುಗ್ಗಿ ಉಪ್ಪಿನಕುದ್ರು. ಅಲ್ಲಿ ಕೊಗ್ಗ ಕಾಮತರ ಮನೆತನದ ಸೂತ್ರದ ಗೊಂಬೆಗಳನ್ನು ಮಕ್ಕಳಿಗೆ ತೋರಿಸುವುದು. ಊಟ. ಸಂಜೆ ಮರವಂತೆ. ಸೂರ್ಯಾಸ್ತಕ್ಕೆ ಬೈಂದೂರಿನ ಒತ್ತಿನೆಣೆ. ಸೂಚನೆ: ದಶಮಿ, ತಡ ಮಾಡಬಾರದು.

ಕೊನೆಯ ಸಾಲನ್ನು ನಾನು ಧಾರ್ಮಿಕವಾಗಿ ಓದಿಕೊಂಡೆ. ಮರುದಿನ ಏಕಾದಶಿ, ಹಾಗಾಗಿ ಇವತ್ತೇ ಕೋಳಿ ಮುಗಿಸಬೇಕೆಂದು ಅರ್ಥ ಮಾಡಿಕೊಂಡು ‘ಖಂಡಿತ’ ಎಂದು ಉತ್ತರ ಕೊಟ್ಟೆ.

ಮಾಸ್ಟ್ರು ಹೇಳಿದ್ದು ಹೊಳೆಯ ಪಂಚಾಂಗ. ಹುಣ್ಣಿಮೆ ಅಮಾವಾಸ್ಯೆಗೆ ನಮ್ಮ ಕರಾವಳಿಯಲ್ಲಿ ಭರತ ಹೆಚ್ಚುಕಡಿಮೆ ನಡುಮಧ್ಯಾಹ್ನಕ್ಕೆ. ದಿನಕ್ಕೆ ಸುಮಾರು 50 ನಿಮಿಷದ ಲೆಕ್ಕದಲ್ಲಿ ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ದಶಮಿಗೆ ಬೆಳಗ್ಗೆ ಎಂಟರ ಸುಮಾರಿಗೆ ಹೊಳೆ ತುಂಬಿರುತ್ತದೆ. ಆಮೇಲೆ ಆರು ಗಂಟೆ ಚಿಲ್ಲರೆ ಇಳಿಯುತ್ತಲೇ ಇರುತ್ತದೆ. ಇದು ದೋಣಿಯವರಿಗೆ, ಬಲೆ ಬೀಸುವವರಿಗೆ, ಮಳಿ ಚಿಪ್ಪು ಹೆಕ್ಕುವ ಹೆಂಗಸರಿಗೆ ಕೈಬೆರಳಿನ ಲೆಕ್ಕ. ಶಾರ್ಜಾದಲ್ಲಿ ಲೆಕ್ಕಪತ್ರ ವಿಭಾಗದಲ್ಲಿರುವವನಿಗೆ ಗೊತ್ತಿರಬೇಕೆಂದೇನಿಲ್ಲ.

ಬ್ರಹ್ಮಾವರದಿಂದ ಕುಂದಾಪುರಕ್ಕೆ ಸುಮಾರು 25 ಕಿಲೋಮೀಟರು. ನಾಲ್ಕು ಪಥದ ಹೆದ್ದಾರಿ. ನಮ್ಮ ದಾರಿಯಲ್ಲಿ ಅಡ್ಡ ಬಂದದ್ದು ವಾಹನಗಳಲ್ಲ, ನೆಂಟರು. ಸಾಲಿಗ್ರಾಮದಲ್ಲಿ ಹೆಂಡತಿಯ ಚಿಕ್ಕಮ್ಮ ರಸ್ತೆಯ ಬದಿಗೇ ಬಂದು ನಿಂತಿದ್ದರು. ಕಾರು ನಿಲ್ಲಿಸದೆ ಹೋಗಲು ಒಂದೋ ಧೈರ್ಯ ಬೇಕು, ಇಲ್ಲ ವಿಚ್ಛೇದನ ಬೇಕು. ಕೋಟದಲ್ಲಿ ದೊಡ್ಡಜ್ಜಿ. ಕೋಟದವರಾದ ಕಾರಂತರಿಗೆ 1977ರಲ್ಲಿ ಜ್ಞಾನಪೀಠ ತಂದುಕೊಟ್ಟವಳು ಮೂಕಜ್ಜಿ. ನಮ್ಮ ದೊಡ್ಡಜ್ಜಿ ಮೂಕಿಯಲ್ಲ. ಆಕೆಯ ಸೊಂಟನೋವು ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತೆಂದು ಕೇಳಿ ಮುಗಿಸುವಷ್ಟರಲ್ಲಿ ಎರಡನೆಯ ಸುತ್ತಿನ ಗೋಳಿಬಜೆ ಬಂತು. ತೆಕ್ಕಟ್ಟೆಯಲ್ಲಿ ಭಾವನ ಹೊಸ ಮನೆಯ ಟೈಲ್ಸ್ ನೋಡಬೇಕಾಯಿತು. ಕುಂಭಾಶಿಯಲ್ಲಿ ಆನೆಗುಡ್ಡೆ ಗಣಪತಿಗೆ ‘ಇಷ್ಟು ಹತ್ತಿರದಿಂದ ಹೋಗಿ ಕೈಮುಗಿಯದಿದ್ದರೆ ಹೇಗೆ’.

ಪ್ರತಿ ಮನೆಯಲ್ಲೂ ಎರಡೇ ಪ್ರಶ್ನೆ: ‘ಯಾವಾಗ ಬಂದದ್ದು?’, ‘ಯಾವಾಗ ಹೋಗುವುದು?’ ನಡುವಿನ ದಿನಗಳ ಬಗ್ಗೆ ಯಾರಿಗೂ ಕುತೂಹಲವಿಲ್ಲ. ಪ್ರತಿ ಮನೆಯಲ್ಲೂ ನಾವು ಒಂದೊಂದು ಚೀಲ ಕೊಟ್ಟೆವು. ಕೊಡಲಿ ಮಾರ್ಕಿನ ಎಣ್ಣೆ, ಖರ್ಜೂರ, ಹಾಲಿನಪುಡಿ. ಈ ಸಾಮಾನೆಲ್ಲ ಈಗ ಕುಂದಾಪುರದ ಅಂಗಡಿಗಳಲ್ಲೇ ಸಿಗುತ್ತದೆ, ಕೆಲವಕ್ಕೆ ರಿಯಾಯಿತಿಯೂ ಇದೆ ಎಂದು ಭಾವ ಬಹಳ ಪ್ರೀತಿಯಿಂದ ತಿಳಿಸಿದ. ತಿಳಿಸಿ, ಚೀಲವನ್ನು ಒಳಗೆ ಇಟ್ಟ.

ಹೊಳೆಬದಿ ತಲುಪುವಾಗ ಹತ್ತೂವರೆ. ಮಾಸ್ಟ್ರು ಗಡಿಯಾರ ನೋಡಲಿಲ್ಲ, ನೀರು ನೋಡಿದರು. ದೋಣಿಯ ಮಾಮ ನೀರನ್ನೂ ನೋಡದೆ ನನ್ನನ್ನೇ ನೋಡಿದ. ‘ಹ್ವಾಯ್, ನೀರ್ ನಿಮ್ಗೆ ಕಾಯ್ಕಂಡ್ ಕೂಕಂತಿಲ್ಲೆ ಮಾರಾಯ್ರೆ’ ಎಂದ.

ಇಲ್ಲಿ ನನ್ನ ಹೆಂಡತಿಯ ದೂರದೃಷ್ಟಿಯನ್ನು ದಾಖಲಿಸಬೇಕು. ದೋಣಿ, ಮಾಮ, ನಾನು, ಈ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಕಂಡದ್ದೇ ಅವಳು ಮಾಸ್ಟ್ರ ಹೆಂಡತಿ ಟೀಚರಮ್ಮನ ಕಾರಿನಲ್ಲಿ ಕೂತುಬಿಟ್ಟಳು. ಉಪ್ಪಿನಕುದ್ರು ಹೊಳೆಯ ನಡುವಿನ ಊರಾದರೂ ತಲ್ಲೂರಿನಿಂದ ಒಳಗೆ ತಿರುಗಿದರೆ ರಸ್ತೆಯಲ್ಲೇ ಹೋಗಬಹುದು. ಊಟದ ಪಾತ್ರೆಗಳು ಆ ಕಾರಿನಲ್ಲಿದ್ದವು. ‘ನೀವು ಸಾಹಸ ಮಾಡಿ ಬನ್ನಿ, ನಾವು ಅಡುಗೆ ತಣಿಯದ ಹಾಗೆ ನೋಡಿಕೊಳ್ಳುತ್ತೇವೆ’ ಎಂದು ಹೊರಟರು. ಬುದ್ಧಿವಂತರೂ ಕೋಳಿಸಾರೂ ಒಂದೇ ಗಾಡಿಯಲ್ಲಿ ಹೋದದ್ದನ್ನು ನಾನು ಆಗ ಗಮನಿಸಲಿಲ್ಲ.

ಸಾಹಸದ ವಿಷಯದಲ್ಲಿ ನಾವು ಹೊಸಬರೇನಲ್ಲ. ಶಾರ್ಜಾಕ್ಕೆ ಸೇರಿದ ಖೋರ್ ಕಲ್ಬಾದ ಕಾಂಡ್ಲಾ ಕಾಡಿನಲ್ಲಿ ದಿರ್ಹಮ್ ಕೊಟ್ಟು ಕಯಾಕ್ ನಡೆಸಿದ್ದೇವೆ. ಅಲ್ಲಿ ಹೆಲ್ಮೆಟ್ ಹಾಕಿದ ಹುಡುಗನೊಬ್ಬ ನೀರಿಗಿಳಿಯುವ ಮುಂಚೆ ಬಹಳ ಹೊತ್ತು ಸುರಕ್ಷತೆಯ ಉಪನ್ಯಾಸ ಕೊಟ್ಟಿದ್ದ. ಅದೇ ರೂಢಿಯಲ್ಲಿ ನಾನು ಮಕ್ಕಳಿಗೆ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ, ನಾನೂ ತೊಟ್ಟು, ‘ಮಾಮ, ಸುರಕ್ಷತೆಗೆ ಏನಾದರೂ ಹೇಳುವುದಿದೆಯಾ?’ ಎಂದು ಕೇಳಿದೆ. ಮಾಮ ಬೀಡಿ ತೆಗೆದು ಯೋಚಿಸಿದ. ‘ಎಂತ ಹೆದ್ರಿಕೆ ಇಲ್ಲೆ. ಮಗುಚಿರೆ ಎದ್ ನಿಂತ್ಕಣಿ, ಅಷ್ಟೇ.’

ಹೊರಟ ಮೇಲೆ ಸ್ವಲ್ಪ ಹೊತ್ತು ನಿಜವಾಗಿಯೂ ಚಂದ. ಎದುರು ದಂಡೆಯಲ್ಲಿ ಗಂಗೊಳ್ಳಿ ಕಣ್ಣಿಗೆ ಕಾಣುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗುವುದಾದರೆ ಹೆಮ್ಮಾಡಿ, ತ್ರಾಸಿ ಎಂದು ಸುತ್ತಿ ಬರಬೇಕು. ಮಾಸ್ಟ್ರು ಮಕ್ಕಳಿಗೆ ಪಂಚಗಂಗಾವಳಿಯ ಐದು ಹೊಳೆಗಳ ಹೆಸರು ಕೇಳಿದರು. ಮಗ ಫೋನು ತೆಗೆದ. ನಾನು ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಎಂದು ನಾಲ್ಕು ಹೇಳಿ ಐದನೆಯದಕ್ಕೆ ಕೆಮ್ಮಿದೆ. ಮಾಮ ಒಂದು ಹೆಸರು ಹೇಳಿದ, ಮಾಸ್ಟ್ರು ಇನ್ನೊಂದು ಹೇಳಿದರು. ಕೇದಕವೋ ಖೇಟಾವೋ ಎಂದು ಅವರಿಬ್ಬರ ವಾದ ಏರಿತು. ವಾದ ಏರುತ್ತಿದ್ದಂತೆ ನೀರು ಇಳಿಯಿತು.

ಮಗಳಿಗೆ ಒಂಬತ್ತು ವರ್ಷ. ದುಬೈಯ ಕನ್ನಡ ಪಾಠಶಾಲೆಗೆ ವಾರದ ರಜೆಯಲ್ಲಿ ಹೋಗಿ ಬಲು ಶುದ್ಧ ಕನ್ನಡ ಕಲಿತಿದ್ದಾಳೆ. ಕಾಂಡ್ಲಾದ ಬೀಜ ಮರದಲ್ಲೇ ಮೊಳಕೆಯೊಡೆದು ಉದ್ದಕ್ಕೆ ಜೋತು ಬಿದ್ದಿರುವುದನ್ನು ಕಂಡು ಅವಳು ಎದ್ದು ನಿಂತು ಕೇಳಿದಳು: ‘ಮಾಮಾ, ದಯವಿಟ್ಟು ದೋಣಿಯನ್ನು ಒಂದು ಕ್ಷಣ ನಿಲ್ಲಿಸುವಿರಾ?’ ಮಾಮ ಜಲ್ಲೆ ಊರುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದ. ‘ಇದ್ ಯಾವ ಮೇಳದ್ ವೇಷ?’

ದೋಣಿ ಒಂದು ಕ್ಷಣಕ್ಕೆ ನಿಂತದ್ದು ಆಮೇಲೆ ಹೊರಡಲೇ ಇಲ್ಲ. ಮಾಮ ಜಲ್ಲೆ ಊರಿ ತಳ್ಳಿದ. ಮಾಸ್ಟ್ರು ತಳ್ಳಿದರು. ನಾನು ದೋಣಿಯೊಳಗೆ ಕೂತು ಮುಂದಕ್ಕೆ ಬಾಗಿ ಸಹಕರಿಸಿದೆ. ಸುತ್ತಲಿನ ನೀರು ಯಾವ ಗಲಾಟೆಯೂ ಇಲ್ಲದೆ ಕಡಲಿನ ಕಡೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಾವು ಕೆಸರಿನ ಮೈದಾನದ ನಡುವೆ ಕಿತ್ತಳೆ ಜಾಕೆಟ್ಟು ತೊಟ್ಟುಕೊಂಡು ಕೂತಿದ್ದೆವು. ಇನ್ನು ದೋಣಿ ಏಳಬೇಕಾದರೆ ಎರಡು ಗಂಟೆಗೆ ಇಳಿತ ಮುಗಿದು, ತಿರುಗಿ ನೀರು ಏರಿ, ಸಂಜೆಯಾಗಬೇಕು ಎಂದು ಮಾಸ್ಟ್ರು ಬೆರಳು ಮಡಚಿ ತೋರಿಸಿದರು. ಶಿವಾಜಿ 1665ರಲ್ಲಿ 85 ಸಣ್ಣ ಹಡಗು, ಮೂರು ದೊಡ್ಡ ಹಡಗು ಕಟ್ಟಿಕೊಂಡು ಬಂದು ಇಲ್ಲೇ ಮೇಲಿನ ಬಸ್ರೂರನ್ನು ದೋಚಿಕೊಂಡು ಹೋದದ್ದನ್ನು ಅವರು ಈ ಸಂದರ್ಭದಲ್ಲೇ ಮಕ್ಕಳಿಗೆ ಹೇಳಬೇಕೆ? ‘ಅಂಕಲ್, ಅವರು ಸಿಕ್ಕಿಬೀಳಲಿಲ್ಲವಾ?’ ಎಂದ ಮಗ. ‘ಇಲ್ಲ, ಅವರಿಗೆ ದಾರಿಯಲ್ಲಿ ನೆಂಟರು ಇರಲಿಲ್ಲ’ ಎಂದರು ಮಾಸ್ಟ್ರು.

ಉಪ್ಪಿನಕುದ್ರಿನ ದಂಡೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ಅಲ್ಲಿ ತೆಂಗಿನ ಮರದ ನೆರಳಿನಲ್ಲಿ ಚಾಪೆ ಹಾಸಿ ಇಬ್ಬರು ಹೆಂಗಸರು ಕೂತಿರುವುದು ಕಂಡಿತು. ಫೋನು ಬಂತು. ‘ಯಾಕೆ ನಿಂತಿದ್ದೀರಿ? ಫೋಟೋಕ್ಕಾ?’ ಎಂದಳು ಹೆಂಡತಿ. ಪ್ರಕೃತಿಯನ್ನು ಸವಿಯುತ್ತಿದ್ದೇವೆ ಎಂದೆ. ‘ಸವಿಯಿರಿ. ನಾವು ನೀರ್‌ದೋಸೆ ಸವಿಯುತ್ತೇವೆ’ ಎಂದು ಇಟ್ಟಳು. ಬ್ರಹ್ಮಾವರ ತಾಲೂಕಿನವರಿಗೆ ಕರುಣೆ ಕಡಿಮೆ ಎಂಬುದು ನನ್ನ ಹಳೆಯ ಆರೋಪ, ಈಗ ಸಾಕ್ಷಿಯೂ ಸಿಕ್ಕಿತು.

ನಡೆದುಹೋಗುವುದೇ ದಾರಿ ಎಂದಾಯಿತು. ಮಾಮ ಇಳಿದ, ಮೊಣಕಾಲವರೆಗೆ ಹೋಗಿ ನಿಂತ. ಮಾಸ್ಟ್ರು ಪ್ಯಾಂಟು ಮಡಚಿ ಇಳಿದರು, ಅವರೂ ಅಷ್ಟೇ. ಮಕ್ಕಳಂತೂ ಮೇಲ್ಮೇಲೆ ಹೆಜ್ಜೆ ಹಾಕಿ ಓಡಿದರು. ಉಗುರಿನಡಿ ಮಣ್ಣಾದರೆ ಸೋಪು ಕೇಳುವ ಮಗ ಹೊಟ್ಟೆಯ ಮೇಲೆ ಜಾರಿ ಒಂದು ಏಡಿಯ ಹಿಂದೆ ಹೋದ. ಕೊನೆಗೆ ನಾನು. ‘ಎಲ್ಲ ಭೂಭಾಗಗಳಿಗೂ ಯೋಗ್ಯ’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಹೊಸ ಬೂಟು ತೊಟ್ಟಿದ್ದೆ. ಕೆಸರಿಗೆ ತೂಕದ ವಿಷಯದಲ್ಲಿ ದಾಕ್ಷಿಣ್ಯವಿಲ್ಲ. ಹತ್ತಾರು ವರ್ಷ ಹವಾನಿಯಂತ್ರಿತ ಕುರ್ಚಿಯಲ್ಲಿ ಕೂತು, ಶುಕ್ರವಾರದ ಬಿರಿಯಾನಿ ತಪ್ಪಿಸದೆ ಉಂಡು, ‘ಸ್ವಲ್ಪ ಗುಂಡಾಗಿದ್ದೀರಿ ಅಷ್ಟೇ’ ಎಂಬ ನೆಂಟರ ಸೌಜನ್ಯವನ್ನು ನಂಬಿದ್ದೆ. ಪಂಚಗಂಗಾವಳಿ ನನ್ನನ್ನು ತೊಡೆಯವರೆಗೆ ಒಳಗೆ ತೆಗೆದುಕೊಂಡು ಸತ್ಯ ಹೇಳಿತು. ಬಲಗಾಲು ಎತ್ತಿದೆ, ಕಾಲು ಬಂತು, ಬೂಟು ಬರಲಿಲ್ಲ. ಅದನ್ನು ಹುಡುಕಲು ಬಾಗಿದಾಗ ತಂಪು ಕನ್ನಡಕವೂ ಹೋಯಿತು.

ಅಷ್ಟರಲ್ಲಿ ಕೆಸರಿನಲ್ಲಿ ಮಳಿ ಹೆಕ್ಕುತ್ತಿದ್ದ ನಾಲ್ಕಾರು ಹೆಂಗಸರು ಬುಟ್ಟಿ ಸಮೇತ ಹತ್ತಿರ ಬಂದರು. ಅವರ ಕೆಲಸದ ಹೊತ್ತು ಶುರುವಾಗುವುದೇ ಹೊಳೆ ಖಾಲಿಯಾದ ಮೇಲೆ. ನಾನು ‘ಅಪಾಯ’ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದ ಜಾಗ ಅವರ ಆಫೀಸು. ಅವರಲ್ಲಿ ಹಿರಿಯಾಕೆ ನನ್ನ ಮುಖವನ್ನು ಸೂಕ್ಷ್ಮವಾಗಿ ನೋಡಿ, ನಮ್ಮ ಅಮ್ಮನ ಹೆಸರು ಹೇಳಿ, ಅವರ ಮಗನಾ ಎಂದು ಕೇಳಿದರು. ಹೌದೆಂದೆ. ತೊಡೆಯವರೆಗೆ ಹೂತುಹೋದ ಮನುಷ್ಯನಿಗೆ ಮುಂದಿನ ಮಾತು ಕೈ ಕೊಡಿ ಎಂಬುದಾಗಿರುತ್ತದೆ ಎಂದುಕೊಂಡೆ.

‘ಯಾವಾಗ ಬಂದದ್?’ ಎಂದರು.

ಹೇಳಿದೆ.

‘ಯಾವಾಗ ಹೋಪುದ್?’

ಇಲ್ಲಿಂದಲೋ ಊರಿನಿಂದಲೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಜನವರಿ ಮೊದಲ ವಾರ ಎಂದೆ. ಆ ಮೇಲೆಯೇ ಆಕೆ ಕೆಲಸಕ್ಕೆ ಬಂದರು. ‘ಕಾಲ್ ಎಳೂಕೆ ಹೋಯ್ಬೇಡಿ. ಹಿಂದ್ಗಡಿ ಕೂಕಣಿ, ಕಾಲ್ ತನ್ನಿಂದ್ತಾನೆ ಬತ್ತ್’ ಎಂದರು. ಕೂತೆ. ಕಾಲು ಬಂತು. ಈಗ ಕೂತಲ್ಲಿಂದ ಎಬ್ಬಿಸುವ ಸಮಸ್ಯೆ. ಮಾಮ ದೋಣಿಯ ಹಗ್ಗ ತಂದು ನನ್ನ ಕಂಕುಳ ಕೆಳಗೆ ಸುತ್ತಿದ. ಒಂದು ತುದಿ ಮಾಸ್ಟ್ರ ಕೈಯಲ್ಲಿ, ಇನ್ನೊಂದು ತುದಿ ಹೆಂಗಸರ ಕೈಯಲ್ಲಿ. ಅವರು ಎಳೆದಾಗ ನನ್ನ ಬಲಗೈ ಮೇಲೆ ಹೋಯಿತು, ಇವರು ಎಳೆದಾಗ ಎಡಗೈ. ದಂಡೆಯಿಂದ ಟೀಚರಮ್ಮನ ದನಿ ಸ್ಪಷ್ಟವಾಗಿ ಕೇಳಿತು: ‘ಗೊಂಬೆಯಾಟಕ್ಕೆ ಇನ್ನು ಒಳಗೆ ಹೋಗುವುದು ಬೇಡ ಅಲ್ಲವಾ? ಇಲ್ಲಿಂದಲೇ ಚೆನ್ನಾಗಿ ಕಾಣ್ತದೆ.’

ನಿಜವಾದ ಗೊಂಬೆಗಳನ್ನು ಆ ದಿನ ನೋಡಲಾಗಲಿಲ್ಲ. ಆ ಮೈಯಲ್ಲಿ ಯಾರ ಜಗಲಿಯನ್ನೂ ಹತ್ತುವಂತಿರಲಿಲ್ಲ. ಬಾವಿಕಟ್ಟೆಯಲ್ಲಿ ಮಗಳು ನನ್ನ ಮೇಲೆ ಕೊಡ ಕೊಡ ನೀರು ಸುರಿದಳು, ‘ತಂದೆಯವರೇ, ಕಣ್ಣು ಮುಚ್ಚಿಕೊಳ್ಳಿ’ ಎನ್ನುತ್ತ. ಬದಲಿ ಬಟ್ಟೆಯ ಚೀಲ ನಮ್ಮ ಕಾರಿನಲ್ಲಿ, ಕಾರು ಕುಂದಾಪುರದಲ್ಲಿ. ಮಾಮನ ಲುಂಗಿ, ಮಾಮನದೇ ಒಂದು ಬನಿಯನ್ನು, ತಲೆಗೆ ಬೈರಾಸು. ಊಟ ಹೇಗಿತ್ತೆಂದು ಬರೆಯುವ ಅಗತ್ಯವಿಲ್ಲ. ಕೋಳಿಸಾರಿನಲ್ಲಿ ಕಾಲಿನ ತುಂಡುಗಳು ಉಳಿದಿರಲಿಲ್ಲ ಎಂದು ಮಾತ್ರ ತಿಳಿಸುತ್ತೇನೆ. ಮಳಿ ಹೆಕ್ಕುವವರು ನನ್ನನ್ನು ಎಳೆದದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಚೀಲ ಮಳಿ ಕೊಟ್ಟು, ಅಮ್ಮನಿಗೆ ಕೊಡಿ, ತೆಂಗಿನಕಾಯಿ ಜಾಸ್ತಿ ಹಾಕಲು ಹೇಳಿ ಎಂದರು. ದೋಣಿಯನ್ನು ಭರತಕ್ಕೆ ಕಾಯಲು ಮಾಮನ ಜೊತೆ ಬಿಟ್ಟು ನಾವೆಲ್ಲ ಟೀಚರಮ್ಮನ ಕಾರಿನಲ್ಲಿ ತುರುಕಿಕೊಂಡೆವು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಊರಿನವರು ಅಲ್ಲಿ ನಿಲ್ಲುವುದಿಲ್ಲ, ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುತ್ತಾರೆ. ನಾನು ಮಾತ್ರ ಪ್ರತಿ ರಜೆಯಲ್ಲೂ ಇಳಿದು, ಸೊಂಟಕ್ಕೆ ಕೈಯಿಟ್ಟು, ಮಕ್ಕಳಿಗೆ ‘ನಿಮ್ಮಪ್ಪನ ಊರು’ ಎಂದು ತೋರಿಸುವವನು. ಈ ಸಲವೂ ಇಳಿದೆ. ಒಂದು ಕೈಯಲ್ಲಿ ಮಳಿಯ ಚೀಲ, ಅದು ಕಾರಿನೊಳಗೆ ನೀರು ಸೋರುತ್ತದೆಂದು ಟೀಚರಮ್ಮ ಹೊರಗೆ ಕಳಿಸಿದ್ದರು. ಬೆಂಗಳೂರಿನ ನಂಬರಿನ ಕಾರಿನಿಂದ ಇಳಿದ ಹುಡುಗರ ಗುಂಪೊಂದು ನೇರ ನನ್ನ ಬಳಿ ಬಂತು.

‘ಅಣ್ಣಾ, ಫ್ರೆಶ್ಶಾ? ಈಗ ಹಿಡ್ಕೊಂಡ್ ಬಂದಿದ್ದಾ?’

ಎಂತಹ ಸಂತೋಷ ಎಂದು ಹೇಳಲಾರೆ. ಊರಿನವರು ನನ್ನನ್ನು ಶಾರ್ಜಾದವನೆನ್ನುತ್ತಾರೆ, ಶಾರ್ಜಾದವರು ಇಂಡಿಯಾದವನೆನ್ನುತ್ತಾರೆ. ಮರವಂತೆಯಲ್ಲಿ ನಿಂತವನನ್ನು ಮರವಂತೆಯವನೆಂದು ಯಾರೂ ಅಂದಿರಲಿಲ್ಲ. ಲುಂಗಿ ಮೇಲಕ್ಕೆ ಕಟ್ಟಿ, ಮಳಿ ಎಲ್ಲಿ ಸಿಗುತ್ತದೆ, ಇಳಿತಕ್ಕೆ ಯಾಕೆ ಕಾಯಬೇಕು, ದಶಮಿಗೆ ನೀರು ಎಷ್ಟು ಹೊತ್ತಿಗೆ, ಕೆಸರಿನಲ್ಲಿ ಕಾಲು ಸಿಕ್ಕಿದರೆ ಹೇಗೆ ಹಿಂದಕ್ಕೆ ಕೂರಬೇಕು ಎಂದು ವಿವರವಾಗಿ ಹೇಳತೊಡಗಿದೆ. ಬೆಳಗ್ಗೆಯವರೆಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲವೆಂಬುದು ಮಾತಿನ ಓಘಕ್ಕೆ ತಡೆಯಾಗಲಿಲ್ಲ. ಹುಡುಗರು ತಲೆದೂಗಿ, ‘ಎಷ್ಟು ಕೊಡ್ಲಿ?’ ಎಂದರು. ಇದು ಮಾರಾಟಕ್ಕಲ್ಲ ಎಂದು ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ನನ್ನ ಹೆಂಡತಿಯ ದನಿ ಬಂತು:

‘ಇನ್ನೂರು.’

ನೂರೈವತ್ತಕ್ಕೆ ವ್ಯಾಪಾರ ಮುಗಿಯಿತು. ಆ ದುಡ್ಡಿನಲ್ಲಿ ಮಕ್ಕಳಿಗೂ ಟೀಚರಮ್ಮನಿಗೂ ಐಸ್‌ಕ್ರೀಂ ಬಂತು. ಊರಿನ ನೆಲದಲ್ಲಿ ದುಡಿದು ಸಂಸಾರ ಸಾಕುವ ಕನಸು ನನಗೆ ಬಹಳ ವರ್ಷಗಳಿಂದ ಇತ್ತು, ಹೀಗೆ ನನಸಾದೀತೆಂದು ಎಣಿಸಿರಲಿಲ್ಲ. ನನಗೆ ಐಸ್‌ಕ್ರೀಂ ಸಾಲಲಿಲ್ಲ.

ಒತ್ತಿನೆಣೆಯ ಸೂರ್ಯಾಸ್ತ ನಾವು ಕಿರಿಮಂಜೇಶ್ವರದ ಹತ್ತಿರ ಇರುವಾಗಲೇ ನಡೆದುಹೋಯಿತು. ಗುಡ್ಡ ಹತ್ತಿ ಕತ್ತಲೆಯನ್ನು ನೋಡಿ, ಸೋಮೇಶ್ವರದ ಕಡಲು ಕೆಳಗೆ ಇದೆಯೆಂದು ಸದ್ದಿನಿಂದ ಖಚಿತಪಡಿಸಿಕೊಂಡು, ಮಾಸ್ಟ್ರ ಕಾರ್ಯಕ್ರಮದಲ್ಲಿ ಆ ಸಾಲಿಗೂ ಗುರುತು ಹಾಕಿದೆವು.

ನಮ್ಮ ಮನೆಯ ಅಂಗಳಕ್ಕೆ ಕಾಲಿಡುವಾಗ ಹಂಡೆಯಲ್ಲಿ ನೀರು ಕಾದಿತ್ತು. ಅಮ್ಮನಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಮಳಿಯವರಿಂದ ಮೀನಿನ ಅಂಗಡಿಗೆ, ಅಲ್ಲಿಂದ ರಿಕ್ಷಾ ಸ್ಟ್ಯಾಂಡಿಗೆ, ಅಲ್ಲಿಂದ ಮನೆಗೆ. ದಾರಿಯಲ್ಲಿ ಕೆಸರು ಕುತ್ತಿಗೆಯವರೆಗೆ ಏರಿತ್ತು. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಬೂಟಿನ ಬೆಲೆ ಕೇಳಲಿಲ್ಲ, ಕಾಲಿನ ನೋವು ಕೇಳಲಿಲ್ಲ. ‘ಮಳಿ ಎಲ್ಲಿ?’ ಎಂದರು. ಹೆಂಡತಿ ನೆಲ ನೋಡಿದಳು. ಬ್ರಹ್ಮಾವರ ತಾಲೂಕು ಮಾತಿಲ್ಲದೆ ನಿಂತದ್ದನ್ನು ನಾನು ಆ ದಿನ ಮೊದಲ ಬಾರಿ ನೋಡಿದೆ, ಮನಸಾರೆ ನೋಡಿದೆ.

ಮರುದಿನ ಮಾಸ್ಟ್ರಿಂದ ಹೊಸ ಕಾರ್ಯಕ್ರಮ ಬಂತು. ಕೊಡಚಾದ್ರಿ. ಎತ್ತರ 1,343 ಮೀಟರ್. ಕೊಲ್ಲೂರಿನಿಂದ ಜೀಪು, ನಸುಕಿನ 4 ಗಂಟೆಗೆ ಸರಿಯಾಗಿ. ಬೆಟ್ಟದ ಮೇಲೆ ಭರತ ಇಳಿತ ಇಲ್ಲವಲ್ಲ, ಇಷ್ಟು ಬೇಗ ಯಾಕೆ ಎಂದು ಹೆಂಡತಿಯನ್ನು ಕೇಳಿದೆ. ಜೀಪು ನಿಜವಾಗಿ ಎಷ್ಟು ಹೊತ್ತಿಗೆಂದು ಟೀಚರಮ್ಮ ಅವಳಿಗೆ ಬೇರೆ ಸಂದೇಶದಲ್ಲಿ ತಿಳಿಸಿದ್ದಾರೆ. ಅವಳು ಹೇಳುತ್ತಿಲ್ಲ.